ಎತ್ತಿನ ಅಂಕಣದಲ್ಲಿ ಎರಡು ಪಿನ್‌ಬಾಲ್

ಹುಬ್ಬಳ್ಳಿಯಲ್ಲಿ ಆಟದ ಅಂಗಡಿ ಇಟ್ಟಿದ್ದ ನನ್ನ ಸೋದರಮಾವ ಒಂದು ಗುರುವಾರ ಫೋನು ಮಾಡಿದ. "ಅಂಗಡಿ ಬಂದ್ ಮಾಡಾಕತ್ತೀನವಾ. ಎರಡು ಪಿನ್‌ಬಾಲ್ ಮಷಿನ್ ಉಳದಾವ. ಸೋಮವಾರ ಗುಜರಿಯವ ಬರ್ತಾನ. ಬೇಕಂದ್ರ ಅಷ್ಟರೊಳಗ ಒಯ್ಯಿ, ಇಲ್ಲಂದ್ರ ಕಬ್ಬಿಣದ ತೂಕಕ್ಕ ಹೊಕ್ಕಾವ ನೋಡು."

ಹಿಂದೆಮುಂದೆ ನೋಡದೆ "ಬೇಕು" ಎಂದುಬಿಟ್ಟೆ. ಇಡಲು ಜಾಗ ಎಲ್ಲಿದೆ ಎಂದು ಯೋಚಿಸಿದ್ದು ಫೋನು ಇಟ್ಟ ಮೇಲೆ. ನನ್ನ ಸ್ವಭಾವವೇ ಹಾಗೆ, ಮೊದಲು ಬಾಯಿ ಓಡುತ್ತದೆ.

ಆ ಮಷಿನ್ನುಗಳ ಹುಚ್ಚು ನಾನು ಫ್ರಾಕು ಹಾಕುತ್ತಿದ್ದ ಕಾಲದ್ದು. ಇಳಿಜಾರಾದ ಮೇಜು, ಮೇಲೆ ಗಾಜು, ಒಳಗೆ ಉಕ್ಕಿನ ಗುಂಡು. ಸ್ಪ್ರಿಂಗ್ ಜಗ್ಗಿ ಬಿಟ್ಟರೆ ಗುಂಡು ಮೇಲಕ್ಕೆ ಚಿಮ್ಮಿ, ಅಲ್ಲಿ ಇಲ್ಲಿ ಬಡಿದು, ಗಂಟೆ ಬಾರಿಸುತ್ತ ಕೆಳಗೆ ಉರುಳುತ್ತದೆ. ಬದಿಯ ಬಟನ್ ಒತ್ತಿ, ಎರಡು ಪುಟ್ಟ ರೆಕ್ಕೆಗಳಿಂದ ಅದನ್ನು ಮತ್ತೆ ಮೇಲಕ್ಕೆ ಹೊಡೆಯಬೇಕು. ರಜೆಗೆ ಹೋದಾಗ ಅಂಗಡಿ ತೆರೆಯುವ ಮೊದಲು ಮಾವ ನನ್ನನ್ನು ಪುಕ್ಕಟೆ ಆಡಲು ಬಿಡುತ್ತಿದ್ದ. ಗಿರಾಕಿ ಬಂದ ಕೂಡಲೇ ಬಿಟ್ಟುಕೊಡಬೇಕು. ಒಂದು ಸಲವೂ ಹೊಟ್ಟೆ ತುಂಬ ಆಡಲಿಲ್ಲ. ಈಗ ಅವೆರಡೂ ನನ್ನ ಮನೆಗೇ ಬರುತ್ತವೆಂದರೆ! ಅವತ್ತು ರೊಟ್ಟಿ ಬಡಿಯುವಾಗಲೂ ನನ್ನ ಬೆರಳುಗಳು ಬಟನ್ ಒತ್ತುತ್ತಲೇ ಇದ್ದವು.

ಮೊರಬದ ನಮ್ಮ ಮನೆಯಲ್ಲಿ ಖಾಲಿ ಇರುವ ಜಾಗ ಒಂದೇ. ತಲಬಾಗಿಲು ದಾಟಿದರೆ ಬಲಕ್ಕೆ ಎತ್ತು ಕಟ್ಟುವ ಅಂಕಣ. ಟ್ರ್ಯಾಕ್ಟರ್ ಬಂದ ಮೇಲೆ ಎತ್ತಿನ ಜೋಡಿಯನ್ನು ಕೊಟ್ಟುಬಿಟ್ಟೆವು. ಗೋಡೆಯುದ್ದಕ್ಕೂ ಮೇವು ಹಾಕುವ ಕಲ್ಲಿನ ಗೋದಲಿ ಮಾತ್ರ ಉಳಿದಿದೆ. ನಮ್ಮ ಅತ್ತೆ ಅದನ್ನು ಈಗಲೂ ದಿನಾ ಬೆಳಿಗ್ಗೆ ಗುಡಿಸುತ್ತಾರೆ. ನೊಗದ ಎಡಕ್ಕೆ ಹೂಡುವ ಎತ್ತು, ಎಡಗೋಲಿಂದು, ಅವರ ಕೈಯಲ್ಲೇ ಬೆಳೆದ ಕರು. ಅದನ್ನು ಕೊಟ್ಟ ದಿನ ಅವರು ಉಣ್ಣಲಿಲ್ಲ.

ಜಾಗ ಕೇಳಿದಾಗ ಅತ್ತೆ ಬೇಡ ಅನ್ನಲಿಲ್ಲ. "ಮಷಿನ್ನರ ಇಡು, ಮಂಚರ ಇಡು. ನನ್ನ ಗ್ವಾದ್ಲಿಗೆ ಮಾತ್ರ ಕೈ ಹಚ್ಚಬ್ಯಾಡ" ಎಂದರು.

"ಇಲ್ಲ ಬಿಡ್ರಿ ಅತ್ತಿ, ಅದರ ಸುದ್ದಿಗೇ ಹೋಗೂದಿಲ್ಲ" ಎಂದೆ.

ಅಳತೆ ಹಿಡಿಯುವ ಕೆಲಸ ನನ್ನ ಗಂಡನಿಗೆ ಬಿತ್ತು. ಮಾವ ಮಷಿನ್ನಿನ ಉದ್ದ ಅಗಲ ಹೇಳಿದ್ದ. ಗೋದಲಿಯ ಬುಡದಿಂದ ಹಿಡಿದು ಎದುರಿನ ಪಡಸಾಲೆ ಕಟ್ಟೆಯವರೆಗೆ ಇವರು ಸುಣ್ಣದಲ್ಲಿ ಎರಡು ಚೌಕ ಎಳೆದು, ಸೊಂಟದ ಮೇಲೆ ಕೈಯಿಟ್ಟು ನಿಂತರು. "ನೋಡಿಲ್ಲೆ, ಅಗದಿ ಜೋಡೆತ್ತಿನ ಜಾಗಾ! ತಲಿ ಗ್ವಾದ್ಲಿ ಕಡೆ, ಬಾಲ ಕಟ್ಟಿ ಕಡೆ. ನಡುವ ಒಬ್ಬರು ಹಾಯೂವಷ್ಟು ಸಂದಿ."

ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬಲ್ಬು ಎಲ್ಲಿ, ನೋಡಲು ಬಂದವರು ಎಲ್ಲಿ ಕೂರಬೇಕು, ಎಲ್ಲ ಮನಸ್ಸಿನಲ್ಲೇ ಹೂಡಿಬಿಟ್ಟೆ. ಶನಿವಾರ ಕರೆಂಟಿನವನನ್ನು ಕರೆಸಿ ಪ್ಲಗ್ಗೂ ಹಾಕಿಸಿದೆ. ಅವನು ಹೋದ ಮೇಲೆ, ಸುಮ್ಮನೆ ಆಡಿ ನೋಡೋಣವೆಂದು ಸುಣ್ಣದ ಗೆರೆಯ ಹಿಂದೆ ನಿಲ್ಲಲು ಹೋದೆ. ಹಿಮ್ಮಡಿ ಕಟ್ಟೆಗೆ ಬಡಿಯಿತು. ನಿಲ್ಲಲು ಜಾಗವೇ ಇಲ್ಲ!

"ರೀ, ಆಡಾವರು ಎಲ್ಲೆ ನಿಂದರಬೇಕ್ರಿ?"

"ಬಾಜೂಕ."

"ಬಾಜೂಕ ಕುಂತು ಹಾಲ್ ಹಿಂಡಾಕ ಅದೇನ್ ಎಮ್ಮೀ ಏನ್ರಿ?"

"ಮತ್ತ ಎತ್ತಿನ ಹಿಂದ ಯಾರರ ನಿಂದರತಾರೇನು? ಒದ್ದರ?" ಎಂದವರು, ಹೇಳಿ ಮುಗಿಸುವಷ್ಟರಲ್ಲಿ ತಾವೇ ನಾಲಿಗೆ ಕಚ್ಚಿಕೊಂಡರು. ಹುಟ್ಟಿದಾಗಿನಿಂದ ಆ ಅಂಕಣದಲ್ಲಿ ಎತ್ತು ಕಟ್ಟಿದ ಮನುಷ್ಯ. ಎತ್ತಿನ ಹಿಂದೆ ಜಾಗ ಬಿಟ್ಟು ಅವರಿಗೆ ಗೊತ್ತೇ ಇಲ್ಲ. ನನಗೆ ನಗುವೂ ಬಂತು, ಸಿಟ್ಟೂ ಬಂತು.

ಮಷಿನ್ನನ್ನು ಅಡ್ಡ ಮಾಡಿದರೆ ಒಂದೇ ಹಿಡಿಸುತ್ತದೆ, ಅದೂ ಹಾದಿಗೆ ಅಡ್ಡ. ಕೊನೆಗೆ ಇವರು ದನಿ ತಗ್ಗಿಸಿ, "ಗ್ವಾದ್ಲಿ ತಗದರ ಎರಡು ಮೊಳ ಸಿಗತೈತಿ ನೋಡು" ಎಂದರು.

ಎಷ್ಟು ತಗ್ಗಿಸಿದರೇನು, ಒಳಗಿದ್ದ ಅತ್ತೆಗೆ ಕೇಳಿತ್ತು. "ಹಾರಿ, ಸುತ್ತಿಗಿ ತರ್ರಿ" ಎನ್ನುತ್ತ ಬಂದು ಗೋದಲಿಯ ಅಂಚಿನ ಮೇಲೆ ಕೂತುಬಿಟ್ಟರು. "ಮೊದಲ ನನ್ನ ಒಡೀರಿ, ಆಮ್ಯಾಲೆ ಇದನ್ನ."

ನನಗೂ ರೇಗಿತು. ನಡುವೆ ಒಂದೇ ರವಿವಾರ ಉಳಿದಿತ್ತು. ಗುಜರಿಯವನು ಆ ಗಾಜಿಗೆ ಸುತ್ತಿಗೆ ಹಾಕುವುದು ಕಣ್ಣಿಗೆ ಕಟ್ಟಿದಂತಾಯಿತು. "ಖಾಲಿ ಗ್ವಾದ್ಲಿ ಇಟಗೊಂಡು ಏನ್ ಮಾಡ್ತೀರಿ ಅತ್ತಿ?" ಎಂದೆ. ಅನ್ನಬಾರದಿತ್ತು, ಬಾಯಿ ಓಡಿತ್ತು.

ಅತ್ತೆಯ ಮುಖ ಕೆಂಪಗಾಯಿತು. "ಎತ್ತಿದ್ದಾಗ ಜಾಗಾ ಸಾಲ್ತಿದ್ದಿಲ್ಲೇನು? ನಿಮ್ಮ ಮಷಿನ್ನಿಗಿಂತ ದೊಡ್ಡವು ಇದ್ದವು! ತಲಿ ಗ್ವಾದ್ಲ್ಯಾಗ ಇಟ್ಟು ಸುಮ್ಮ ನಿಂದರತಿದ್ದವು. ನಿಮ್ಮ ಮಷಿನ್ನಿಗೆ ತಲೀನ ಇಲ್ಲೇನು?"

ತಲೆ! ಅಂಕಿ ತೋರಿಸುವ ದೊಡ್ಡ ಡಬ್ಬಿ ಮಷಿನ್ನಿನ ಹಿಂಭಾಗದಲ್ಲಿ ತಲೆಯ ಹಾಗೇ ಎದ್ದು ನಿಂತಿರುತ್ತದೆ. ಅದು ಗೋದಲಿಯ ಈಚೆ ಯಾಕೆ ನಿಲ್ಲಬೇಕು, ಗೋದಲಿಯ ಮೇಲೇ ನಿಂತರೆ? ನಾನು ಕಿರುಚಿದ ಕಿರುಚಿಗೆ ಇವರು ಬೆಚ್ಚಿಬಿದ್ದರು. ಕೂಡಲೇ ಮಾವನಿಗೆ ಫೋನು ಹಚ್ಚಿದೆ. "ಹಿಂದಿನ ಕಾಲು ಬಿಚ್ಚಾಕ ಬರತೈತೇನು?"

"ನಾಕೂ ಬಿಚ್ಚತಾವ. ಹಿಂದ ಒಂಚೂರು ಎತ್ತರ ಇರಬೇಕಷ್ಟ, ಗುಂಡು ಇಳಿಯಾಕ."

ಗೋದಲಿಯ ಮೇಲೆ ತೇಗಿನ ಹಲಗೆ ಹಾಸಿದರೆ ಆ ಎತ್ತರ ಸರಿಯಾಗಿ ಸಿಗುತ್ತಿತ್ತು. "ಒಂದು ಕಲ್ಲು ಸುದ್ದಾ ಅಲುಗೂದಿಲ್ರಿ" ಎಂದು ಅತ್ತೆಯ ಕೈ ಹಿಡಿದೆ. ಅವರು ಕೈ ಬಿಡಿಸಿಕೊಂಡರು, ಆದರೆ ಗೋದಲಿಯಿಂದ ಎದ್ದರು.

ರವಿವಾರ ಸಂಜೆ ನಮ್ಮ ಟ್ರೇಲರಿನಲ್ಲಿ, ಗೋಣಿತಟ್ಟು ಹೊದ್ದುಕೊಂಡು ಎರಡೂ ಬಂದವು. ತಲೆ ಗೋದಲಿಯ ಮೇಲೆ, ಮುಂಗಾಲು ನೆಲದ ಮೇಲೆ. ಕಟ್ಟೆಯ ಕಡೆ ನಾನು ಕಾಲು ಅಗಲಿಸಿ ನಿಲ್ಲುವಷ್ಟು ಜಾಗ! ಸ್ವಿಚ್ ಹಾಕಿದೆ. ದೀಪಗಳು ಹತ್ತಿದವು. ಗುಂಡು ಮೇಲೇರಿ ಘಣ ಘಣ ಎಂದಿತು.

ಅಡುಗೆಮನೆಯಿಂದ ಅತ್ತೆ ಕೈಯಲ್ಲಿ ಸೌಟು ಹಿಡಿದೇ ಓಡಿಬಂದರು. ಆ ಅಂಕಣದಲ್ಲಿ ಗಂಟೆಯ ಸಪ್ಪಳವಾಗಿ ಯಾವ ಕಾಲವಾಗಿತ್ತೋ. ಸೌಟನ್ನು ಕಟ್ಟೆಯ ಮೇಲಿಟ್ಟರು. ಆಮೇಲೆ ಎಡಗಡೆಯ ಮಷಿನ್ನಿನ ಮೈ ಸವರಿ, "ಇದು ಎಡಗೋಲಿಂದು" ಎಂದರು. "ನೀ ಬಲಗೋಲಿಂದು ತಗೋ."

ಮರುದಿನ, ಗುಜರಿಯವನು ಬರಬೇಕಿದ್ದ ಸೋಮವಾರ, ಹೊಟ್ಟೆ ತುಂಬ ಆಡಬೇಕೆಂದು ಎಲ್ಲರಿಗಿಂತ ಮುಂಚೆ ಎದ್ದೆ. ಅಂಕಣದಲ್ಲಿ ಆಗಲೇ ಗಂಟೆ ಬಾರಿಸುತ್ತಿತ್ತು. ಅತ್ತೆ ಸೆರಗು ಸಿಕ್ಕಿಸಿಕೊಂಡು, ಎರಡೂ ಕೈಯಿಂದ ಬಟನ್ ಬಡಿಯುತ್ತ, "ಹೋಗಬ್ಯಾಡಲೇ, ಹೋಗಬ್ಯಾಡ" ಎಂದು ಗುಂಡಿಗೆ ಹೇಳುತ್ತಿದ್ದರು. ಕಸಬರಿಗೆ ಕಂಬಕ್ಕೆ ಒರಗಿ ನಿಂತಿತ್ತು. ನಾನು ಅದನ್ನು ತೆಗೆದುಕೊಂಡು ಗೋದಲಿ ಗುಡಿಸಿದೆ.