ಅಕ್ಕಚ್ಚಿನ ಬಕೆಟ್

ದೋಹಾದ ಅಲ್ ಹಿಲಾಲ್ ಬಡಾವಣೆಯ ನಮ್ಮ ಫ್ಲಾಟಿನ ಅಡುಗೆಮನೆಯಲ್ಲಿ, ಸಿಂಕಿನ ಕೆಳಗೆ, ಒಂದು ಕೆಂಪು ಬಕೆಟ್ ಇದೆ. ಅಕ್ಕಿ ತೊಳೆದ ನೀರು, ಗಂಜಿಯ ತಿಳಿ, ಬಾಳೆಹಣ್ಣಿನ ಸಿಪ್ಪೆ ಎಲ್ಲವೂ ಸಂಗಮಿಸಿ ಅದರಲ್ಲಿ ಸಿದ್ಧವಾಗುವ ದ್ರವ್ಯಕ್ಕೆ ನಮ್ಮ ಕಡೆ ಅಕ್ಕಚ್ಚು ಎಂದು ಹೆಸರು. ಅದು ದನದ ಪಾಲು. ದನವೇ ಇಲ್ಲದ ನಾಲ್ಕನೆಯ ಮಹಡಿಯಲ್ಲಿ ಇದಕ್ಕೇನು ಕೆಲಸ ಎಂದು ನೀವು ಕೇಳಿದರೆ, ಉತ್ತರಕ್ಕಾಗಿ ನಾನು ಸ್ವಲ್ಪ ಸುತ್ತಿ ಬರಬೇಕಾಗುತ್ತದೆ.

ಕಳೆದ ಚಳಿಗಾಲದಲ್ಲಿ ನನ್ನ ಹೆಂಡತಿಯ ಬಾಣಂತನಕ್ಕೆಂದು ಅಮ್ಮ ಪುತ್ತೂರಿನಿಂದ ಬಂದಳು, ತನ್ನ ದನವನ್ನು ನೆರೆಮನೆಯವರಿಗೆ ನೂರು ಸಲ ಹೇಳಿ ಒಪ್ಪಿಸಿ. ಮರುದಿನವೇ ಅಕ್ಕಿ ತೊಳೆದ ನೀರಿನ ಪಾತ್ರೆ ಹಿಡಿದು ಸಿಂಕಿನ ಮುಂದೆ ನಿಂತುಬಿಟ್ಟಳು.

"ಇದನ್ನು ಚೆಲ್ಲುದು ಹೇಗೆ ಮಾರಾಯ? ಹತ್ತಿರ ಯಾರದ್ದಾದ್ರೂ ದನ ಉಂಟಾ?"

ಕಚೇರಿಯಲ್ಲಿ ಎಂಥ ಪ್ರಶ್ನೆಗೂ ವಿನಯಪೂರ್ವಕ ಇಮೇಲ್ ಬರೆಯಬಲ್ಲ ನಾನು ಇದಕ್ಕೆ ಮಾತ್ರ ಅಂಗಡಿಗೆ ಓಡಿದೆ. ಬಕೆಟ್ ಬಂತು, ತುಂಬಿತು, ಹುಳಿಯಾಯಿತು. ಅಮ್ಮ ಸ್ನಾನಕ್ಕೆ ಹೋದಾಗ ನಾನು ಕಳ್ಳನ ಹಾಗೆ ಅದನ್ನು ಖಾಲಿ ಮಾಡಿದೆ. ಇದು ಅವಳಿಗೆ ತಿಳಿದ ದಿನದಿಂದ ಅವಳ ಊಟ ಕಡಿಮೆಯಾಗತೊಡಗಿತು. "ಕೊಟ್ಟು ಉಂಡು ಅಭ್ಯಾಸ. ಸುಮ್ಮನೆ ಉಂಡ್ರೆ ಗಂಟಲಲ್ಲಿ ಇಳಿಯುದಿಲ್ಲ," ಎಂದಳು. ಬಾಣಂತಿಯನ್ನು ನೋಡಿಕೊಳ್ಳಲು ಬಂದವಳು ತಾನೇ ಸೊರಗುವುದನ್ನು ಕಂಡು ನನಗೆ ನಿಜಕ್ಕೂ ಹೆದರಿಕೆಯಾಯಿತು.

ಗೋತ್ರವೆಂದರೆ ಮೂಲದಲ್ಲಿ ದನದ ಹಟ್ಟಿಯಂತೆ. ಒಂದು ಹಟ್ಟಿಯವರು ಒಂದು ಕುಲದವರು. ಸಂಜೆಗೂ ನಾವು ದನದ ಹೆಸರನ್ನೇ ಇಟ್ಟು ಗೋಧೂಳಿ ಎಂದೆವು. ದೋಹಾದಲ್ಲಿ ಧೂಳಿಗೇನೂ ಬರವಿಲ್ಲ, ಕೊರತೆ ಗೋವಿನದು ಮಾತ್ರ. ಮನುಷ್ಯ ದನವನ್ನು ಪಳಗಿಸಿದನೆಂದು ಶಾಲೆಯಲ್ಲಿ ಓದಿ ಅಂಕ ಗಳಿಸಿದವನು ನಾನು. ಆದರೆ ಅಲೆಯುತ್ತಿದ್ದವನನ್ನು ಒಂದೆಡೆ ಕೂರಿಸಿ, ನಸುಕಿಗೇ ಎಬ್ಬಿಸಿ, ಮಳೆಗಾಲಕ್ಕೆ ಮೊದಲೇ ಬೈಹುಲ್ಲು ಕೂಡಿಡುವ ದೂರದೃಷ್ಟಿಯನ್ನು ಕಲಿಸಿ, ಕೊನೆಗೆ ತನಗೆ ಕೊಡದೆ ಉಣ್ಣಲಾರದ ಹಾಗೆ ಮಾಡಿದ ಪ್ರಾಣಿಯ ವಿಷಯವನ್ನು ಯೋಚಿಸಿದರೆ, ಯಾರು ಯಾರನ್ನು ಪಳಗಿಸಿದರು ಎಂಬುದರಲ್ಲಿ ನನಗೀಗ ಸಂಶಯವಿದೆ.

ನಮ್ಮ ಕಂಪನಿಯ ಮಾಲೀಕರಿಗೆ ಊರಾಚೆ ಒಂದು ತೋಟವಿದೆ, ಅಲ್ಲಿ ನಾಲ್ಕು ಹಸುಗಳಿವೆ ಎಂದು ತಿಳಿದಾಗ, ಅನುಮತಿ ಬೇಡಿ, ಒಂದು ಶುಕ್ರವಾರ ಬೆಳಿಗ್ಗೆ ಹೊರಟೆವು. ಹಿಂದಿನ ಸೀಟಿನಲ್ಲಿ ಅಮ್ಮ. ಪಕ್ಕದಲ್ಲಿ ಸೀಟ್‌ಬೆಲ್ಟ್ ಕಟ್ಟಿಸಿಕೊಂಡು ಬಕೆಟ್. ಹೊಂಡ ಬಂದಾಗಲೆಲ್ಲ ಅಮ್ಮ ಬಕೆಟ್ಟನ್ನು ಹಿಡಿದುಕೊಂಡಳೇ ಹೊರತು ತನ್ನನ್ನಲ್ಲ.

ದನ ನೋಡಿಕೊಳ್ಳುವ ಸುಡಾನಿನ ಇದ್ರೀಸ್ ಬಕೆಟ್ಟಿಗೆ ಬಗ್ಗಿ ಮೂಸಿದ. ನಾನು ನನ್ನ ಹರಕು ಅರಬ್ಬಿಯಲ್ಲಿ ದೀರ್ಘ ವಿವರಣೆಯೊಂದನ್ನು ಹೊಂದಿಸುತ್ತಿದ್ದೆ. ಅದು ಬೇಕಾಗಲಿಲ್ಲ. "ಯಲ್ಲಾ, ಮಾಮಾ," ಎಂದು, ಬನ್ನಿ ತಾಯಿ ಎಂಬಂತೆ, ಅವನು ಅಮ್ಮನಿಗೆ ಗೇಟು ತೆರೆದ. ಕಪ್ಪು ಬಿಳುಪಿನ ಹಸುವೊಂದು ಬಕೆಟ್ಟಿಗೆ ಮುಖವಿಟ್ಟು ತಳ ಕಾಣುವವರೆಗೂ ಎತ್ತಲಿಲ್ಲ. ಅಮ್ಮ ಅದರ ಕತ್ತಿನ ಕೆಳಗೆ ಜೋಲುವ ಗಂಗೆದೊಗಲನ್ನು ಮೆಲ್ಲಗೆ ತುರಿಸತೊಡಗಿದಳು. ಆಚೆ ಬದಿಯಿಂದ ಇದ್ರೀಸನ ಕೈಯೂ ಅಲ್ಲಿಗೇ ಬಂತು. ಹಸು ಕತ್ತು ಚಾಚಿ ಕಣ್ಣು ಅರೆಮುಚ್ಚಿತು. ಅವರಿಬ್ಬರೂ ಮುಖ ಮುಖ ನೋಡಿ ನಕ್ಕರು. ಪುತ್ತೂರಿನ ಹಟ್ಟಿಗೂ ನೈಲ್ ತೀರದ ದೊಡ್ಡಿಗೂ ಈ ಜಾಗವನ್ನು ತೋರಿಸಿಕೊಟ್ಟದ್ದು ದನವೇ ಇರಬೇಕು.

ಅಂದು ಮಧ್ಯಾಹ್ನ ಅಮ್ಮ ಎರಡನೆಯ ಸಲ ಅನ್ನ ಹಾಕಿಸಿಕೊಂಡಳು. ನನಗೆ ಅಳು ಬಂತು. ಸಾರು ಖಾರವಾಗಿದೆ ಎಂದೆ.

ಅಮ್ಮ ಊರಿಗೆ ಮರಳಿ ತಿಂಗಳುಗಳಾದವು. ಬಕೆಟ್ ಮಾತ್ರ ಸಿಂಕಿನ ಕೆಳಗೇ ಇದೆ. ಗುರುವಾರ ಸಂಜೆ ಹೆಂಡತಿ ಅಕ್ಕಿ ತೊಳೆದ ನೀರನ್ನು ಅದಕ್ಕೇ ಹೊಯ್ಯುತ್ತಾಳೆ, ಶುಕ್ರವಾರ ಬೆಳಿಗ್ಗೆ ನಾನದನ್ನು ತೋಟಕ್ಕೆ ಒಯ್ಯುತ್ತೇನೆ. ಇಷ್ಟು ವರ್ಷ ಫೋನಿನಲ್ಲಿ ಅಮ್ಮನ ಮೊದಲ ಮಾತು ನನ್ನ ಊಟದ ವಿಚಾರವಾಗಿತ್ತು. ಈಗ ಶುಕ್ರವಾರ ಮಧ್ಯಾಹ್ನ ಅವಳು ಕೇಳುವುದು, "ದನಕ್ಕೆ ಕೊಟ್ಟು ಬಂದಿಯಾ?"

ಹೌದು ಎನ್ನುತ್ತೇನೆ.

"ಹಾಗಾದ್ರೆ ಇನ್ನು ನೀನು ಊಟ ಮಾಡು ಮಗಾ."