ಅಕ್ಕ ಹೂಂ ಅಂದಳು

ಎದುರಿಗೆ ಕೂತವರು ನಡುನಡುವೆ ‘ಹೂಂ’ ಅನ್ನದಿದ್ದರೆ ನನಗೆ ಮುಂದಿನ ಮಾತೇ ಹೊರಡುವುದಿಲ್ಲ. ಪಾಂಡವಪುರದ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ಸವೆದ ಬಾಯಿ ಇದು. ಮಕ್ಕಳು ಹೂಂ ಅನ್ನುವ ತನಕ ಕಾವೇರಿಯನ್ನು ತಲಕಾವೇರಿಯಲ್ಲೇ ತಡೆದು ನಿಲ್ಲಿಸಿರುತ್ತಿದ್ದೆ. ಈಗ ನಿವೃತ್ತ. ಹೆಂಡತಿ ಫೋನು ನೋಡುತ್ತಲೇ ಹೂಂ ಅನ್ನುತ್ತಾಳೆ. ಅದು ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಲೆಕ್ಕಕ್ಕಿರುವ ಹೂಂ ಶೀಳನೆರೆಯಲ್ಲಿರುವ ನಮ್ಮಕ್ಕನದು. ಹೋದ ವರ್ಷ ಅವಳು ಹಾಲು ಕರೆಯುತ್ತಿದ್ದಾಗ ಹಸು ಗೌರಿ, ಯಾವ ನೊಣಕ್ಕೆ ಬೆಚ್ಚಿತೋ, ಜಾಡಿಸಿ ಒದ್ದು ಅಕ್ಕನ ಮಣಿಕಟ್ಟು ಮುರಿಯಿತು. ಮೂಳೆಯೇನೋ ಕೂಡಿತು. ಮುದ್ದೆ ತಿರುವುತ್ತಾಳೆ, ಸೌದೆ ಒಡೆಯುತ್ತಾಳೆ. ಕೆಚ್ಚಲ ಹತ್ತಿರ ಹೋದರೆ ಮಾತ್ರ ಬೆರಳು ಮರಗಟ್ಟುತ್ತವೆ. ಗೌರಿಯೋ, ಬೇರೆಯವರು ಕೂತರೆ ಹಾಲಿಳಿಸುವುದಿಲ್ಲ. ಇನ್ನು ಮಾರಿಬಿಡೋಣ ಅಂದರು ಭಾವ. ಅಕ್ಕ ಊಟ ಬಿಟ್ಟಳು. ಎಕ್ಸರೇಯಲ್ಲಿ ಮೂಳೆ ಕಾಣುತ್ತದೆ, ಹೆದರಿಕೆ ಕಾಣುವುದಿಲ್ಲವಲ್ಲ. ಮೂಳೆ ಡಾಕ್ಟರೇ ನಮ್ಮನ್ನು ಶ್ರೀರಂಗಪಟ್ಟಣದಲ್ಲಿ ಸಮ್ಮೋಹನ ಚಿಕಿತ್ಸೆ ಮಾಡುವ ಡಾಕ್ಟರಮ್ಮನ ಹತ್ತಿರ ಕಳಿಸಿದರು.

“ಮಂಕುಬೂದಿ ಎರಚ್ತಾರೇನ್ಲಾ?” ಅಂದಳು ಅಕ್ಕ, ಬಸ್ಸಿನಲ್ಲಿ.

“ಇಲ್ಲ ಕಣಕ್ಕ, ಮನಸ್ಸಿಗೂ ಮೈಗೂ ಇರೋ ಮುನಿಸು ಬಿಡಿಸ್ತಾರೆ” ಅಂದೆ, ಎಲ್ಲ ಬಲ್ಲವನಂತೆ.

ಡಾಕ್ಟರಮ್ಮ ಅಕ್ಕನನ್ನು ಒರಗುವ ಕುರ್ಚಿಯಲ್ಲಿ ಕೂರಿಸಿ, ಕಣ್ಣು ಮುಚ್ಚಿಸಿ, “ನೀವೀಗ ಸಮುದ್ರದ ದಡದಲ್ಲಿದ್ದೀರಿ” ಅಂದರು.

“ಹೂಂ. ಸಮುದ್ರವ ನಾನೆಲ್ ನೋಡಿವ್ನಿ ತಾಯಿ? ಕನ್ನಂಬಾಡಿ ಕಟ್ಟೆ ನೋಡಿವ್ನಿ.”

“ಸರಿ, ಆ ನೀರನ್ನೇ ನೆಮ್ಮದಿಯಾಗಿ ನೋಡ್ತಾ ಇರಿ.”

“ಹೂಂ. ಈ ಸತಿ ಕಟ್ಟೆ ತುಂಬ್ತದಾ?”

ನಮ್ಮ ಕಡೆಯವರಿಗೆ ಕಟ್ಟೆ ಅಂದರೆ ನೆಮ್ಮದಿಗಿಂತ ಮೊದಲು ನೀರು ಎಷ್ಟು ಅಡಿ ಇದೆ ಎಂಬ ಚಿಂತೆ ಬರುತ್ತದೆ. ಪಾಪ, ಅದು ಡಾಕ್ಟರಮ್ಮನ ಓದಿನಲ್ಲಿ ಇದ್ದಿರಲಾರದು. “ನೀವೇನೂ ಹೇಳಬೇಕಿಲ್ಲಮ್ಮ, ಸುಮ್ಮನೆ ಕೇಳಿ” ಅಂದರು. ಅಕ್ಕ ತುಟಿ ಬಿಗಿಹಿಡಿದಳು; ಕುತ್ತಿಗೆಯ ನರ ಉಬ್ಬಿತು. ಹೇಳುವವರಿಗೆ ಹೂಂ ಅನ್ನದಿರುವುದು, ಬಂದ ನೆಂಟರಿಗೆ ನೀರು ಕೊಡದಿರುವಷ್ಟೇ ತಪ್ಪು. ಹೂಂ ನಿಂತರೆ ಮಗು ಮಲಗಿತು ಅಂತ ನಮ್ಮಜ್ಜಿ ಕತೆಯನ್ನೇ ನಿಲ್ಲಿಸುತ್ತಿದ್ದಳು. ಅಕ್ಕನ ಪಾಡು ನೋಡಲಾರದೆ, ಮೂಲೆಯಲ್ಲಿದ್ದ ನಾನು ಅವಳ ಪರವಾಗಿ ಮೆಲ್ಲಗೆ ಹೂಂ ಅನ್ನತೊಡಗಿದೆ. ಆಮೇಲೆ ನನ್ನ ಗೊರಕೆಗೆ ಇಬ್ಬರೂ ನಕ್ಕರಂತೆ. ಸಮ್ಮೋಹನ ತಗುಲಿದ್ದು ಜೊತೆಗೆ ಹೋದವನಿಗೆ.

ಮುಂದಿನ ಸಲ ಡಾಕ್ಟರಮ್ಮ ಮಾಡಿದ್ದನ್ನು ನೆನೆದರೆ ಈಗಲೂ ಕೈ ಮುಗಿಯಬೇಕೆನಿಸುತ್ತದೆ. ಸಮುದ್ರವನ್ನೂ ಕಟ್ಟೆಯನ್ನೂ ಬಿಟ್ಟು, “ಹೂಂ ಅನ್ನಿಯಮ್ಮ, ನಿಮಗೆ ಹೇಗೆ ಬರುತ್ತೋ ಹಾಗೆ. ಕೊಟ್ಟಿಗೆಗೆ ಹೋಗೋಣ” ಅಂದರು. ಕರು ಬಿಟ್ಟದ್ದು, ಕೆಚ್ಚಲು ತೊಳೆದದ್ದು, ಖಾಲಿ ಚೊಂಬಿಗೆ ಮೊದಲ ಧಾರೆ ಬಿದ್ದ ಸದ್ದು, ಎಲ್ಲವನ್ನೂ ಕತೆಯ ಹಾಗೆ ಹೇಳಿದರು. ಅಕ್ಕನ ಹೂಂ ಉದ್ದವಾಯಿತು, ತಗ್ಗಿತು. ಮಡಿಲಲ್ಲಿದ್ದ ಬೆರಳುಗಳು ತಾವಾಗಿ ಹಿಂಡತೊಡಗಿದವು. ಈ ಸಲ ನಾನು ಎಚ್ಚರವಾಗಿದ್ದೇ ನೋಡಿದೆ.

ಹೂಂ ಅನ್ನುವುದು ಮನಸ್ಸಿನ ಕೆಲಸವೋ ಮೈಯ ಕೆಲಸವೋ? ಕೇಳುವುದು ಅದು, ಅನ್ನುವುದು ಇದು. ಕೆಚ್ಚಲ ತುಂಬ ಹಾಲಿದ್ದರೂ ಕರುವಿನ ಮೂತಿ ತಾಗಿ ಮನಸ್ಸು ಒಪ್ಪುವವರೆಗೆ ಹಸು ಇಳಿಸುವುದಿಲ್ಲ. ಹಸುವಿನ ವಿಷಯದಲ್ಲಿ ಹುಟ್ಟಿದಾಗಿನಿಂದ ನಂಬಿದ್ದನ್ನು ಮನುಷ್ಯರ ವಿಷಯದಲ್ಲಿ ನಂಬಲು ನನಗೆ ಶ್ರೀರಂಗಪಟ್ಟಣಕ್ಕೆ ಹೋಗಬೇಕಾಯಿತು.

ಹೀಗೆ ಹಲವು ಸಲ ಹೋಗಿಬಂದ ಮೇಲೆ, ಒಂದು ಬೆಳಿಗ್ಗೆ, ನಾನೂ ಶೀಳನೆರೆಯಲ್ಲಿದ್ದಾಗ, ಅಕ್ಕ ಗೌರಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಕೈ ಚಾಚಿದಳು. ಕೈ ಅರ್ಧಕ್ಕೇ ನಿಂತಿತು. ಬಾಗಿಲಲ್ಲಿದ್ದ ಭಾವ ಮುಖ ತಿರುಗಿಸಿಕೊಂಡರು.

“ಲೇ, ಏನಾರ ಏಳ್ಲಾ. ಹೂಂ ಅಂತೀನಿ” ಅಂದಳು ನನಗೆ.

ಬದುಕೆಲ್ಲ ಕೇಳುವವರಿಗಾಗಿ ಹಂಬಲಿಸಿದ ಬಾಯಿಗೆ ಆ ಹೊತ್ತಿನಲ್ಲಿ ಒಂದು ಕತೆಯೂ ಸಿಗಬಾರದೇ? ಕೊನೆಗೆ ಹಳೆಯ ಪಾಠವನ್ನೇ ಹಿಡಿದೆ. ಕಾವೇರಿ ತಲಕಾವೇರಿಯಲ್ಲಿ ಹುಟ್ಟಿದಳು. ಹೂಂ. ಕೊಡಗು ದಾಟಿದಳು. ಹೂಂ. ಕನ್ನಂಬಾಡಿಗೆ ಬಂದಳು. ಹೂಂ ಬರಲಿಲ್ಲ. ಕಟ್ಟೆ ತುಂಬಿತಾ ಅಂತಲೂ ಕೇಳಲಿಲ್ಲ.

ನೋಡಿದೆ. ಚೊಂಬಿನಲ್ಲಿ ನೊರೆ ಏರುತ್ತಿತ್ತು. ಅಕ್ಕನ ಎರಡೂ ಕೈ ತಮ್ಮ ಪಾಡಿಗೆ ತಾವು ಆಡುತ್ತಿದ್ದವು. ಅವಳಿಗೆ ಕಾವೇರಿಯೂ ಬೇಕಿರಲಿಲ್ಲ, ನಾನೂ ಬೇಕಿರಲಿಲ್ಲ. ನನ್ನ ಮಾತನ್ನು ಯಾರೂ ಕೇಳುತ್ತಿಲ್ಲವೆಂದು ನಾನು ಸಂತೋಷಪಟ್ಟದ್ದು ಅದೇ ಮೊದಲು. ನಿಲ್ಲಿಸಲು ಧೈರ್ಯವಾಗದೆ, ಹೂಂ ಅನ್ನುವವರೇ ಇಲ್ಲದೆ, ಕಾವೇರಿಯನ್ನು ಅಕ್ಕ ನೋಡದ ಆ ಸಮುದ್ರದವರೆಗೂ ನಾನೊಬ್ಬನೇ ಹರಿಸಿಕೊಂಡು ಹೋದೆ.