ಅಳುವ ಜಾಗ

ಸಮವಸ್ತ್ರ ಹೊಲಿಯುವ ಆ ಕಾರ್ಖಾನೆಯಲ್ಲಿ ಯಾರಿಗೂ ಅಪ್ಪ ಅಮ್ಮ ಇಟ್ಟ ಹೆಸರಿನ ಅಗತ್ಯ ಬೀಳುತ್ತಿರಲಿಲ್ಲ. ಅಂಗಿಯ ಯಾವ ಭಾಗ ಕೈಗೆ ಬಂತೋ ಅದೇ ಹೆಸರು. ಕಾಲರ್ ಹೊಲಿಯುವವಳು ಕಾಲರ್, ಜೇಬು ಕೂರಿಸುವವಳು ಜೇಬು, ತೋಳು ಜೋಡಿಸುವವಳು ತೋಳು. "ತೋಳಿಗೆ ಇವತ್ತು ಹಲ್ಲುನೋವಂತೆ" ಎಂದು ಯಾರಾದರೂ ಹೇಳಿದರೆ ಅಲ್ಲಿ ಒಬ್ಬರೂ ನಗುತ್ತಿರಲಿಲ್ಲ. ಪಾಪ, ರಜ ಹಾಕಬಾರದಿತ್ತಾ ಎನ್ನುತ್ತಿದ್ದರು.

ಅಂಗಿ ಎಲ್ಲರ ಕೈ ದಾಟಿ ಕೊನೆಗೆ ಬರುತ್ತಿದ್ದದ್ದು ಬಟನಕ್ಕನ ಹತ್ತಿರ. ಮಿಷನ್ ಹಾಕಿದ ಬಟನ್ನು ಶಾಲೆ ಮಕ್ಕಳ ಎಳೆದಾಟಕ್ಕೆ ತಡೆಯುವುದಿಲ್ಲ ಎಂದು ಯಜಮಾನರು ಅದೊಂದು ಕೆಲಸವನ್ನು ಕೈಯಲ್ಲೇ ಮಾಡಿಸುತ್ತಿದ್ದರು. ಉಳಿದವರೆಲ್ಲ ಮಿಷನ್ನಿನ ಮುಂದೆ ಎತ್ತರದ ಸ್ಟೂಲಿನಲ್ಲಿ ಕೂತರೆ, ಬಟನಕ್ಕ ಕಿಟಕಿ ಕೆಳಗೆ ಒಂದು ಗಿಡ್ಡ ಮಣೆ ಹಾಕಿಕೊಂಡು ಬಟ್ಟೆಯ ಗಂಟುಗಳ ನಡುವೆ ಕೂರುತ್ತಿದ್ದಳು. ಅಲ್ಲಿಂದ ಜನರ ಮುಖ ನೋಡಬೇಕಾದರೆ ಕತ್ತೆತ್ತಬೇಕು. ಕಾಲುಗಳು ಮಾತ್ರ ಕತ್ತೆತ್ತದೆಯೂ ಕಾಣುತ್ತಿದ್ದವು. ಯಾರು ಮನೆಯಲ್ಲಿ ಜಗಳವಾಡಿಕೊಂಡು ಬಂದಿದ್ದಾರೆ, ಯಾರು ತೂಕಡಿಸುತ್ತಿದ್ದಾರೆ ಎಂಬುದು ಪೆಡಲಿನ ಮೇಲಿನ ಪಾದ ನೋಡಿದರೆ ಅವಳಿಗೆ ತಿಳಿಯುತ್ತಿತ್ತು.

ಅವಳ ಗಂಡ ಒಂದು ಗೋದಾಮಿನ ರಾತ್ರಿ ಕಾವಲುಗಾರ. ಅವನು ಮನೆಗೆ ಬರುವುದಕ್ಕೂ ಇವಳು ಹೊರಡುವುದಕ್ಕೂ ಸರಿಹೋಗುತ್ತಿತ್ತು. ಬಾಗಿಲಲ್ಲಿ ಬೀಗದ ಕೈ ಕೊಟ್ಟು ತೆಗೆದುಕೊಳ್ಳುವುದೇ ಅವರ ಸಂಸಾರ. ಮಗಳು ಮದುವೆಯಾಗಿ ಹೋದ ಮೇಲೆ ಆ ಮನೆಯಲ್ಲಿ ಬಾಯಿಬಿಟ್ಟು ಮಾತಾಡುತ್ತಿದ್ದದ್ದು ಕುಕ್ಕರ್ ಒಂದೇ. ಭಾನುವಾರ ಅವನು ಹಾಸಿಗೆಗೆ ಬಿದ್ದರೆ ಸಂಜೆಯವರೆಗೆ ಪಾತ್ರೆ ಸದ್ದು ಮಾಡುವ ಹಾಗಿರಲಿಲ್ಲ. ಹಾಗಾಗಿ ಬಟನಕ್ಕ ಚಪ್ಪಲಿ ಮೆಟ್ಟಿಕೊಂಡು ಮಧ್ಯಾಹ್ನದ ಆಟಕ್ಕೆ ಹೊರಟುಬಿಡುತ್ತಿದ್ದಳು. ಒಳ್ಳೆಯದೋ ಕೆಟ್ಟದ್ದೋ, ಯಾವುದು ಹಾಕಿದ್ದಾರೋ ಅದು.

ಸಿನಿಮಾ ನೋಡುವುದೆಂದರೆ ಅವಳಿಗೆ ಸುಮ್ಮನೆ ಕೂತು ಕಣ್ಣು ಬಿಡುವುದಲ್ಲ. ನಾಯಕಿಗೆ ಬುದ್ಧಿ ಹೇಳಬೇಕು, ಮಾವನಿಗೆ ಶಾಪ ಹಾಕಬೇಕು, "ಹಿಂದೆ ನೋಡೋ ಮಂಕೇ" ಎಂದು ನಾಯಕನನ್ನು ಎಚ್ಚರಿಸಬೇಕು. ಅತ್ತರೆ ಮುಂದಿನ ಮೂರು ಸಾಲಿಗೆ ಕೇಳುವ ಹಾಗೆ ಅಳುತ್ತಿದ್ದಳು. "ಶ್..." ಎಂದವರಿಗೆ, "ನಿಮಗೆ ಕರುಳು ಇಲ್ಲದಿದ್ರೆ ಅದು ನನ್ನ ತಪ್ಪಾ?" ಎಂದು ಅಲ್ಲೇ ಮುಖದ ಮೇಲೆ ಹೊಡೆದಂತೆ ಹೇಳುತ್ತಿದ್ದಳು.

ಸೋಮವಾರ ಊಟದ ಹೊತ್ತಿಗೆ ಕಾರ್ಖಾನೆಯ ಮಿಷನ್‌ಗಳು ನಿಂತು, ಡಬ್ಬಿಗಳು ತೆರೆದುಕೊಂಡವೆಂದರೆ, "ಹೂಂ, ಶುರು ಮಾಡಕ್ಕ" ಎನ್ನುತ್ತಿದ್ದವಳು ಕಾಲರ್. ಉಳಿದ ಹೆಂಗಸರಿಗೆ ಭಾನುವಾರವೆಂದರೆ ಬಟ್ಟೆ ಒಗೆಯುವ ದಿನ, ಮಕ್ಕಳ ತಲೆ ತೊಳೆಯುವ ದಿನ. ಸಿನಿಮಾಕ್ಕೆ ಎಲ್ಲಿಂದ ಹೋದಾರು? ಅವರೆಲ್ಲರ ಪರವಾಗಿ ನೋಡಿಕೊಂಡು ಬರುವವಳು ಬಟನಕ್ಕ. ಕಥೆ ಹೇಳುತ್ತಿದ್ದಳು ಎಂದರೆ ಅರ್ಧ ಸತ್ಯ. ಕಥೆಗಿಂತ ಹೆಚ್ಚಾಗಿ ತನಗೇನಾಯಿತು ಎಂಬುದನ್ನು ಹೇಳುತ್ತಿದ್ದಳು. "ಆ ಮಾತು ಕೇಳಿದ್ದೇ ತಡ, ನನ್ನ ಮೈಯೆಲ್ಲ ಉರಿದುಹೋಯ್ತು ಕಣ್ರೇ. ನಾನಾಗಿದ್ರೆ ಅವನ ಕಪಾಳಕ್ಕೆ ಎರಡು ಬಿಟ್ಟು ಆಮೇಲೆ ಮಾತಾಡ್ತಿದ್ದೆ." ಹೇಳುವಾಗಲೂ ಕೈ ಬಟನ್ ಹಾಕುತ್ತಲೇ ಇರುತ್ತಿತ್ತು. ಕಥೆ ಬಿಗಿಯಾದ ಕಡೆ ಮಾತು ನಿಲ್ಲಿಸಿ, ಅಂಗಿಯನ್ನು ಬಾಯಿಯ ಹತ್ತಿರ ತಂದು, ಹಲ್ಲಿನಿಂದ ದಾರ ಕಚ್ಚಿ ತುಂಡರಿಸುತ್ತಿದ್ದಳು. ಆ ಒಂದು ಗಳಿಗೆ ಇಡೀ ಕಾರ್ಖಾನೆ ತುತ್ತು ಬಾಯಲ್ಲಿಟ್ಟುಕೊಂಡು ಕಾಯುತ್ತಿತ್ತು. ಆಗ ಯಾರಾದರೊಬ್ಬರು, "ಆಮೇಲೆ?" ಎನ್ನುತ್ತಿದ್ದರು. ಆ "ಆಮೇಲೆ"ಗಾಗಿಯೇ ಅವಳು ವಾರವಿಡೀ ಬದುಕುತ್ತಿದ್ದಳು ಎಂದರೆ ಅತಿಯಾಯಿತು ಅನ್ನಬೇಡಿ. ಬೇರೆಲ್ಲೂ ಅವಳನ್ನು ಯಾರೂ ಆಮೇಲೆ ಏನಾಯಿತು ಎಂದು ಕೇಳುತ್ತಿರಲಿಲ್ಲ.

ಕಾಲರ್ ಬೇರೆ ಯಾರೋ ಅಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳಿಗೆ ಸೂಜಿ ಹಿಡಿಯುವುದನ್ನು ಹೇಳಿಕೊಟ್ಟವಳು ಬಟನಕ್ಕ. ಅವಳ ಎರಡನೇ ಹೆರಿಗೆಯಲ್ಲಿ ಅತ್ತೆ ಮುಖ ಊದಿಸಿಕೊಂಡು ಮನೆಯಲ್ಲೇ ಕೂತಾಗ ಆಸ್ಪತ್ರೆಯಲ್ಲಿ ಮಗುವನ್ನು ಮೊದಲು ಎತ್ತಿಕೊಂಡವಳೂ ಬಟನಕ್ಕನೇ. ಒಡಹುಟ್ಟಿದವರಲ್ಲೂ ಅಷ್ಟು ಸಲಿಗೆ ಇರಲಿಕ್ಕಿಲ್ಲ.

ಒಂದು ವಾರ ಬಟನಕ್ಕನಿಗೆ ಜ್ವರ ಬಂತು. ಎದ್ದು ನಿಂತರೆ ಗೋಡೆ ತಿರುಗುತ್ತಿತ್ತು. ಗುರುವಾರ ಸಂಜೆ ಕಾಲರ್ ಬ್ರೆಡ್ಡು, ಮಾತ್ರೆ ತೆಗೆದುಕೊಂಡು ಬಂದು ಹಾಸಿಗೆಯ ಅಂಚಿನಲ್ಲಿ ಕೂತಳು.

"ಏನೇ ಸಮಾಚಾರ?" ಎಂದು ಬಟನಕ್ಕ ಕೇಳಿದಳು.

"ಏನಿರುತ್ತೆ, ಅದೇ ಮಿಷನ್ನು, ಅದೇ ಬೈಗುಳ."

"ಹೊಸ ಸಿನಿಮಾ ಬಂದಿದೆಯಂತಲ್ಲ, ಅಕ್ಕ ತಮ್ಮಂದು? ಭಾನುವಾರದ ಹೊತ್ತಿಗೆ ಎದ್ದು ಕೂತರೆ ಸಾಕಾಗಿತ್ತು."

ಕಾಲರ್ ಹೊದಿಕೆ ಸರಿಮಾಡುತ್ತ ಹೇಳಿದಳು: "ನೀನು ಮೊದಲು ಹುಷಾರಾಗು. ನೋಡ್ಕೊಂಡು ಬಂದು ಹೇಳು. ನಾವೆಲ್ಲ ಕಾಯ್ತಾ ಇರ್ತೀವಿ."

ಆ ಮಾತೇ ಅರ್ಧ ಜ್ವರ ಇಳಿಸಿತು. ಭಾನುವಾರ ಕಾಲು ನಡುಗುತ್ತಿದ್ದರೂ ಬಟನಕ್ಕ ಹೋಗಿ ಸಿನಿಮಾ ನೋಡಿದಳು. ಲಾಂಡ್ರಿಯಲ್ಲಿ ದುಡಿದು ತಮ್ಮನನ್ನು ಓದಿಸಿದ ಅಕ್ಕನ ಕಥೆ. ತಮ್ಮ ದೊಡ್ಡ ಮನುಷ್ಯನಾಗುತ್ತಾನೆ. ಅಕ್ಕ ಅವನ ಮನೆಗೆ ಬಂದ ದಿನ ಅಲ್ಲಿ ದೊಡ್ಡವರ ಔತಣ. ಇವಳು ಯಾರು ಎಂದು ಅತಿಥಿಯೊಬ್ಬ ಕೇಳಿದಾಗ ತಮ್ಮ, ಅಡುಗೆಯವಳು ಎಂದುಬಿಡುತ್ತಾನೆ. ಅಕ್ಕ ತುಟಿ ಪಿಟಕ್ಕೆನ್ನದೆ ಒಳಗೆ ಹೋಗಿ ತಟ್ಟೆ ತಂದು ಎಲ್ಲರಿಗೂ ಬಡಿಸಿ, ಬೆಳಗಿನ ರೈಲಿಗೆ ಹೊರಟುಹೋಗುತ್ತಾಳೆ. ತಮ್ಮನಿಗೆ ಬುದ್ಧಿ ಬಂದು ಸ್ಟೇಷನ್ನಿಗೆ ಓಡಿ ಬರುವಷ್ಟರಲ್ಲಿ ಪ್ಲಾಟ್‌ಫಾರ್ಮು ಖಾಲಿ. ಅಲ್ಲಿಗೆ ಮುಗಿಯಿತು. ಬಟನಕ್ಕ ದೀಪ ಹತ್ತಿದ ಮೇಲೂ ಎದ್ದೇಳಲಾರದೆ ಕೂತಿದ್ದಳು. ಕಸ ಗುಡಿಸುವವನು ಬಂದು, "ಅಮ್ಮಾ, ಮುಂದಿನ ಆಟಕ್ಕೆ ಬೇರೆ ಟಿಕೆಟ್ಟು" ಎಂದ ಮೇಲೆ ಹೊರಗೆ ಬಂದಳು. ದಾರಿಯುದ್ದಕ್ಕೂ, ಯಾವುದನ್ನು ಎಲ್ಲಿ ಹೇಳಬೇಕು, ದಾರ ಎಲ್ಲಿ ಕಚ್ಚಬೇಕು ಎಂದು ಮನಸ್ಸಿನಲ್ಲೇ ಜೋಡಿಸಿಕೊಂಡಳು.

ಸೋಮವಾರ ಎಲ್ಲರೂ ಎಂದಿನಂತೆ ಡಬ್ಬಿ ಬಿಚ್ಚಿದರು. "ಹೂಂ, ಶುರು ಮಾಡಕ್ಕ" ಎಂದು ಕಾಲರ್ ಎಂದಿನಂತೆ ಹೇಳಿದಳು. ಬಟನಕ್ಕ ಶುರು ಮಾಡಿದಳು. ಮೊದಲರ್ಧದಲ್ಲಿ ಲಾಂಡ್ರಿ ಮಾಲೀಕನದು ಒಂದು ತಮಾಷೆಯಿತ್ತು. ಅವನು ಗಿರಾಕಿಯ ಕೋಟು ಹಾಕಿಕೊಂಡು ಮದುವೆಗೆ ಹೋಗುತ್ತಾನೆ, ಊಟದ ಸಾಲಿನಲ್ಲಿ ನೋಡಿದರೆ ಪಕ್ಕದಲ್ಲೇ... ಎಂದು ಬಟನಕ್ಕ ಅಂಗಿಯನ್ನು ಬಾಯಿಯ ಹತ್ತಿರ ತಂದಳು. ದಾರ ಇನ್ನೂ ಹಲ್ಲಿಗೆ ಸಿಕ್ಕಿರಲಿಲ್ಲ, ಜೇಬು ಕಿಸಕ್ಕೆಂದು ನಕ್ಕಳು.

ಪಕ್ಕದಲ್ಲಿ ಯಾರು ಕೂತಿದ್ದರು ಎಂಬುದನ್ನು ಬಟನಕ್ಕ ಇನ್ನೂ ಹೇಳಿರಲಿಲ್ಲ.

ಇರಲಿ, ಊಹೆ ಮಾಡಿರಬಹುದು, ಮೊನ್ನೆ ಮೊನ್ನೆ ಮದುವೆಯಾದವಳು, ಎಲ್ಲದಕ್ಕೂ ನಗು ಎಂದುಕೊಂಡು ಮುಂದುವರಿಸಿದಳು. ಔತಣದ ಜಾಗ ಬಂತು. ಅತಿಥಿ ಬಾಯಿ ತೆರೆಯುವ ಮೊದಲೇ ತೋಳು ಮೂಗೆಳೆದುಕೊಂಡಳು. ಮೂಲೆಯ ಮೇಜಿನಲ್ಲಿ ಅಂಗಿಗಳಿಗೆ ಇಸ್ತ್ರಿ ಹಾಕುವವನು ಹೊರಗೆ ನೋಡತೊಡಗಿದ. ಬಟನಕ್ಕನ ಸೂಜಿ ಬಟ್ಟೆಯಲ್ಲೇ ನಿಂತಿತು. ಇಷ್ಟು ವರ್ಷ ಹೇಳಿದವಳಿಗೆ ನಗು ಯಾವಾಗ ಬರಬೇಕು, ಅಳು ಯಾವಾಗ ಬರಬೇಕು ಎಂಬುದು ಗೊತ್ತಿಲ್ಲವೇ? ಇವರ ಅಳು ಅವಳ ಮಾತಿಗೆ ಬಂದದ್ದಲ್ಲ. ಇವರು ಅಳುವ ಜಾಗವನ್ನು ಮೊದಲೇ ನೋಡಿಕೊಂಡು ಬಂದಿದ್ದಾರೆ. ಒಬ್ಬರಲ್ಲ, ಇಬ್ಬರಲ್ಲ, ಎಲ್ಲರೂ.

ಅವಳು ಮಾತು ನಿಲ್ಲಿಸಲಿಲ್ಲ. ನಿಲ್ಲಿಸಬೇಕಿತ್ತು, ಸೂಜಿ ಎಸೆದು ಎದ್ದು ಜಾಡಿಸಬೇಕಿತ್ತು. ಅವಳ ನಾಲಿಗೆ ಅದಕ್ಕೆ ಸಾಲದ್ದೇನಲ್ಲ. ಆದರೆ ಒಳಗೊಂದು ಹಾಳು ಆಸೆ: ತನಗೇ ಭ್ರಮೆಯೇನೋ, ಜ್ವರ ಇನ್ನೂ ಬಿಟ್ಟಿಲ್ಲವೇನೋ. ನೋಡಿಯೇಬಿಡೋಣ ಎಂದು ಕೊನೆಯನ್ನು ತಿರುಗಿಸಿ ಹೇಳಿದಳು.

"ಆ ತಮ್ಮ ಓಡ್ತಾ ಬಂದ ನೋಡಿ. ರೈಲು ಹೊರಟೇಬಿಟ್ಟಿತ್ತು. ಅಷ್ಟರಲ್ಲಿ ಯಾರೋ ಚೈನು ಎಳೆದ್ರು, ನಿಂತೋಯ್ತು. ಅಕ್ಕ ಇಳಿದು ಬಂದಳು. ಎಲ್ಲರ ಮುಂದೆ ಅವನ ಕೆನ್ನೆಗೆ ಒಂದು ಬಿಟ್ಟಳು. ಆಮೇಲೆ ತಬ್ಬಿಕೊಂಡು ಮನೆಗೆ ಕರ್ಕೊಂಡು ಹೋದಳು. ಕೂತು ಊಟ ಮಾಡಿದರು. ಅಲ್ಲಿಗೆ ಶುಭಂ."

ಹೇಳುತ್ತ ಅವಳು ತಲೆ ಎತ್ತಲಿಲ್ಲ. ಮಿಷನ್ನುಗಳ ಕೆಳಗೆ ಜೇಬಿನ ಕಾಲು ಚಡಪಡಿಸಿತು. ಏನೋ ಹೇಳಬೇಕೆಂದು ಮುಂದಕ್ಕೆ ಸರಿಯಿತು. ಪಕ್ಕದಿಂದ ಕಾಲರಿನ ಕಾಲು ಬಂದು ಅದನ್ನು ಗಟ್ಟಿಯಾಗಿ ಮೆಟ್ಟಿತು. ಹಿಮ್ಮಡಿ ಸೀಳಿದ ಆ ಪಾದ ಬಟನಕ್ಕನಿಗೆ ಚೆನ್ನಾಗಿ ಗೊತ್ತಿತ್ತು.

"ಅಬ್ಬಾ, ಎಂಥಾ ಸಿನಿಮಾ ಅಕ್ಕಾ!" ಎಂದಳು ಕಾಲರ್. "ಕೊನೇಲಂತೂ ಕರುಳು ಕಿವುಚಿಬಿಟ್ಟಿತು."

ಎಲ್ಲರೂ ಹೌದೌದು ಎಂದರು. ಕೆಲವರು ಕಣ್ಣನ್ನೂ ಒರೆಸಿಕೊಂಡರು.

ಸಂಜೆ ಕೆಲಸ ಬಿಟ್ಟಾಗ ಬಟನಕ್ಕ ಮೆಟ್ಟಿಲ ತಿರುವಿನಲ್ಲಿ ನಿಂತು ಕಾಲರ್ ಬರುವುದನ್ನು ಕಾದಳು.

"ಯಾವತ್ತು ಹೋಗಿದ್ರಿ?"

ಕಾಲರ್ ಕಣ್ಣು ಪಿಳಿಪಿಳಿ ಬಿಟ್ಟಳು. "ಎಲ್ಲಿಗೆ?"

"ನನ್ನ ಹತ್ತಿರ ನಾಟಕ ಬೇಡ. ಯಾವತ್ತು?"

"ಗುರುವಾರ" ಎಂದಳು ಕಾಲರ್ ಕೊನೆಗೆ. "ದೊಡ್ಡ ಆರ್ಡರ್ ಮುಗೀತು ಅಂತ ಯಜಮಾನ್ರು ಮಧ್ಯಾಹ್ನದ ಆಟಕ್ಕೆ ಎಲ್ಲರನ್ನೂ ಕರ್ಕೊಂಡು ಹೋದ್ರು. ನಿನಗೆ ಜ್ವರ..."

"ಗುರುವಾರ ಸಂಜೆ ನನ್ನ ಹಾಸಿಗೆ ಮೇಲೆ ಕೂತಿದ್ದೆ ನೀನು. ಸೀದಾ ಟಾಕೀಸಿನಿಂದ ಬಂದು."

ಕಾಲರ್ ಗೋಡೆಯ ಕಡೆ ತಿರುಗಿದಳು.

"ಬಟನ್ನಿಗೆ ಹುಷಾರಾಗಲಿ, ಆಮೇಲೆ ಹೋಗೋಣ ಅಂತ ಒಬ್ಬರ ಬಾಯಲ್ಲೂ ಬರ್ಲಿಲ್ವಾ?"

"ಯಜಮಾನ್ರೇ ಕೇಳಿದ್ರು." ಕಾಲರ್ ಗೋಡೆಯ ಸುಣ್ಣ ಕೆರೆಯುತ್ತ ಹೇಳಿದಳು. "ನಾನೇ ಬೇಡ ಅಂದೆ. ಅಕ್ಕಾ, ನೀನು ಪಕ್ಕದಲ್ಲಿದ್ರೆ ನೀನು ಅತ್ತಾಗ ಅಳಬೇಕು, ನೀನು ಬೈದಾಗ ಬೈಬೇಕು. ಒಂದೇ ಒಂದು ಸಲ ನನ್ನ ಕಣ್ಣಲ್ಲೇ ನೋಡೋಣ ಅನ್ನಿಸ್ತು. ನಿನಗೆ ಗೊತ್ತಾದ್ರೆ ನೊಂದ್ಕೋತೀಯ ಅಂತ ಯಾರೂ ಬಾಯಿಬಿಡಬೇಡಿ ಅಂದವಳೂ ನಾನೇ."

"ನೋಡೋಕೆ ಆಸೆ ಇದ್ರೆ ಹೇಳಿದ್ರೆ ಆಗ್ತಿತ್ತು. ನಾನೇ ನಿನ್ನ ಮಕ್ಕಳನ್ನ ನೋಡ್ಕೊಂಡು ನಿನ್ನ ಕಳಿಸ್ತಿದ್ದೆ. ನೋಡಿದ್ದಕ್ಕಲ್ಲ ಕಣೇ ನನಗೆ ಉರೀತಿರೋದು. ನೋಡ್ಕೊಂಡು ಬಂದು ಹೇಳು, ಕಾಯ್ತೀವಿ ಅಂದ್ಯಲ್ಲ. ಕಾಲು ನಡುಗ್ತಿದ್ರೂ ಅದಕ್ಕೇ ಹೋದೆ ನಾನು. ಇವತ್ತು ಕೊನೆ ತಿರುಚಿ ಹೇಳಿದಾಗ, ಯಾರಾದ್ರೂ ಒಬ್ಬರು 'ಹಾಗಲ್ಲ ಅಕ್ಕಾ' ಅಂತೀರೇನೋ ಅಂತ ಕಾದೆ. ಜೇಬು ಹೇಳೋಕೆ ಬಂದ್ರೆ ನೀನು ಅವಳ ಕಾಲು ಮೆಟ್ಟಿದೆ. ಹುಚ್ಚಿ ಅನ್ಕೊಂಡ್ರಾ ನನ್ನನ್ನ? ಚಿಕ್ಕ ಮಗು ಕುಣಿದರೆ ಚಪ್ಪಾಳೆ ತಟ್ತಾರಲ್ಲ, ಹಾಗೆ ತಟ್ಟಿದ್ರಿ."

"ಹಾಗಲ್ಲ ಅಕ್ಕಾ..."

"ಈಗ ಹೇಳ್ತೀಯ 'ಹಾಗಲ್ಲ ಅಕ್ಕಾ' ಅಂತ. ಇದಕ್ಕೆ ಮುಂಚೆ ಎಷ್ಟು ಸಲ ಹೀಗೆ ಮಾಡಿದ್ರಿ?"

"ನನ್ನ ಮಕ್ಕಳಾಣೆ, ಇದೊಂದೇ ಸಲ."

ನಿಜವೇ ಇರಬಹುದು. ಆದರೆ ನಂಬುವುದು ಹೇಗೆ? ಆ ರಾತ್ರಿ ಗಂಡ ಕೆಲಸಕ್ಕೆ ಹೋದ ಮೇಲೆ ಬಟನಕ್ಕ ಊಟದ ತಟ್ಟೆ ಮುಂದಿಟ್ಟುಕೊಂಡು ಹಳೆಯ ಸೋಮವಾರಗಳನ್ನೆಲ್ಲ ಒಂದೊಂದಾಗಿ ನೆನೆಸಿಕೊಂಡಳು. ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರಲ್ಲ, ಅದು ನಿಜವೋ? ಕುರುಡು ತಾಯಿಯ ಸಿನಿಮಾ ಹೇಳಿದಾಗ ಇಸ್ತ್ರಿಯವನು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದಿದ್ದನಲ್ಲ, ಅದು? ಒಂದು ಸುಳ್ಳು ಹೇಳಿ ಇಷ್ಟು ವರ್ಷಗಳ ನಿಜವನ್ನೆಲ್ಲ ಕೆಡಿಸಿಟ್ಟರು. ಅವಳಿಗೆ ಎಲ್ಲಕ್ಕಿಂತ ಹೊಟ್ಟೆ ಉರಿದದ್ದು ಅದಕ್ಕೆ. ಆ ಸಿನಿಮಾದ ಅಕ್ಕನಾದರೂ ರೈಲು ಹತ್ತಿ ಹೋದಳು. ಇವಳು ಬೆಳಗಾದರೆ ಅದೇ ಮಣೆಯ ಮೇಲೆ, ಅದೇ ಕಾಲುಗಳ ನಡುವೆ ಕೂರಬೇಕು.

ಆ ವಾರವೆಲ್ಲ ಅವಳು ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದಳು. ಕಾಲರ್ ತನ್ನ ಡಬ್ಬಿಯಿಂದ ಏನಾದರೂ ತೆಗೆದು ಕೊಟ್ಟರೆ ತೆಗೆದುಕೊಂಡು ತಿಂದಳು, ರುಚಿ ಹೇಳಲಿಲ್ಲ. ಭಾನುವಾರ ಸಿನಿಮಾಕ್ಕೆ ಹೋಗಲಿಲ್ಲ. ಮಲಗಿದ್ದ ಗಂಡನ ಪಕ್ಕದಲ್ಲಿ ಸದ್ದಿಲ್ಲದೆ ಬೇಳೆ ಆರಿಸುತ್ತ ಕೂತಳು.

ಮತ್ತೆ ಸೋಮವಾರ ಬಂತು. ಮಿಷನ್‌ಗಳು ನಿಂತವು, ಡಬ್ಬಿಗಳು ತೆರೆದವು. ಯಾರಿಗೂ ಶುರು ಮಾಡು ಎನ್ನುವ ಧೈರ್ಯವಿರಲಿಲ್ಲ. ಬಟನಕ್ಕನೇ ಕತ್ತೆತ್ತಿ ಕಾಲರಿನ ಮುಖ ನೋಡಿದಳು.

"ಈ ಸಲ ನಾನು ನೋಡಿಲ್ಲ. ನೀವು ನೋಡಿದ್ದೀರಲ್ಲ, ಅಕ್ಕ ತಮ್ಮಂದು. ನೀನು ಹೇಳು. ನಿನಗೇನನ್ನಿಸ್ತು, ನಿನ್ನ ಕಣ್ಣಲ್ಲಿ ನೋಡಿದ್ದು, ಕೇಳೋಣ."

"ಅಕ್ಕಾ, ಬೇಡ..."

"ಯಾಕೆ ಬೇಡ? ಇಷ್ಟು ವರ್ಷ ನಾನು ಹೇಳಿಲ್ವಾ? ಶುರು ಮಾಡು. ಯಾರಾದ್ರೂ 'ಆಮೇಲೆ' ಅನ್ನಬೇಕಾದ್ರೆ ನಾನಿದ್ದೀನಿ."

ಕಾಲರ್ ಡಬ್ಬಿಯ ಮುಚ್ಚಳ ಹಾಕಿದಳು. ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. "ಒಬ್ಬಳು ಅಕ್ಕ ಇದ್ದಳು" ಎಂದು ಶುರು ಮಾಡಿದಳು. "ಲಾಂಡ್ರೀಲಿ ಕೆಲಸ. ತಮ್ಮನನ್ನ ಸಾಕಿದಳು. ಕೈಯೆಲ್ಲ ಸೋಡಾಕ್ಕೆ ಬೆಂದುಹೋಗಿತ್ತು." ಹೇಳುವುದು ಅವಳಿಗೆ ಬರುತ್ತಿರಲಿಲ್ಲ. ಹಿಂದಿನದು ಮುಂದೆ, ಮುಂದಿನದು ಹಿಂದೆ ಮಾಡಿ ತಡವರಿಸಿದಳು. ಯಾರೂ ನಗಲಿಲ್ಲ, ಯಾರೂ ಅಳಲಿಲ್ಲ. "ಆಮೇಲೆ?" ಎಂದಳು ಬಟನಕ್ಕ, ಸೂಜಿಗೆ ದಾರ ಪೋಣಿಸುತ್ತ.

"ಆಮೇಲೆ ತಮ್ಮ ದೊಡ್ಡವನಾದ. ಔತಣ ಇಟ್ಕೊಂಡ. ಅಕ್ಕ ಬಂದಳು. ಬಾಗಿಲಲ್ಲಿ ನಿಂತಿದ್ದಳು. ಆಗ ಅವನು ಎಲ್ಲರ ಮುಂದೆ..."

ಕಾಲರ್ ಅಲ್ಲಿ ನಿಂತಳು. ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕತೊಡಗಿದಳು. ಜೇಬು ಎದ್ದು ಅವಳ ಬೆನ್ನ ಮೇಲೆ ಕೈಯಿಟ್ಟಳು.

ಬಟನಕ್ಕ ಅಂಗಿಯನ್ನು ಬಾಯಿಯ ಹತ್ತಿರ ತಂದು ದಾರ ಕಚ್ಚಿದಳು.

"ಈಗಲೇ ಯಾಕೆ ಅಳ್ತೀಯ?" ಎಂದಳು. "ಅಳೋ ಜಾಗ ಇನ್ನೂ ಬಂದಿಲ್ಲ."

ಮತ್ತೆ ಗಂಟಿನೊಳಗೆ ಕೈ ಹಾಕಿ ಇನ್ನೊಂದು ಅಂಗಿ ಎಳೆದುಕೊಂಡಳು.